ಎಲ್ಲರಿಗೂ ತೆರೆದ ಕಡತ

ಗುರುವಾರ ಬೆಳಗ್ಗೆ 7.40ಕ್ಕೆ ಠಾಣೆಗೆ ಓಡಿಬಂದ ಹೆಂಗಸಿನ ಎರಡೂ ತೋಳಿಗೆ ರಕ್ತ ಮೆತ್ತಿತ್ತು. ಅದು ಆಕೆಯದಲ್ಲ, ಮಗಳದು. ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದವಳನ್ನು ಯಾರೋ ಚೂರಿಯಿಂದ ಇರಿದು ಓಡಿದ್ದರು.

"ಈ ಮನೆ ಯಾರಿಗೂ ಗೊತ್ತಾಗಲ್ಲ ಅಂತ ನೀವೇ ತಾನೇ ಹೇಳಿದ್ದು?"

ಇನ್‌ಸ್ಪೆಕ್ಟರ್ ಮೊದಲು ಆ ಮನೆಗೆ ಆಂಬುಲೆನ್ಸ್ ಕಳಿಸಿದರು. ಮಗಳು ಒಂದು ಕೊಲೆಯ ಏಕೈಕ ಸಾಕ್ಷಿ. ಆರೋಪಿ ಜಾಮೀನಿನ ಮೇಲೆ ಹೊರಗಿದ್ದ. ಅದಕ್ಕೇ ತಾಯಿ-ಮಗಳಿಬ್ಬರನ್ನೂ ಮಂಗಳವಾರವಷ್ಟೇ ಪೊಲೀಸರು ಹೊಸ ಮನೆಗೆ ಸೇರಿಸಿದ್ದರು. ಸೋಮವಾರ ಅವಳು ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕಿತ್ತು. ಈಗ ಬದುಕಿದರೆ ಸಾಕು ಎನ್ನುವಂತಾಗಿತ್ತು.

8.15ಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದುಕೊಂಡವರು ದಫೇದಾರರು. ಆರು ತಿಂಗಳ ಹಿಂದೆ ವರ್ಗವಾಗಿ ಬಂದು, ಎಲ್ಲರ ಕಷ್ಟಕ್ಕೂ ಹೆಗಲು ಕೊಟ್ಟು ಇಡೀ ಠಾಣೆಗೆ 'ದೊಡ್ಡಪ್ಪ' ಆಗಿದ್ದ ಮನುಷ್ಯ.

ಹೊಸ ವಿಳಾಸ ಇದ್ದದ್ದು ಒಂದೇ ಕಡೆ: ಠಾಣೆಯ ಕಂಪ್ಯೂಟರ್ ಜಾಲದ ಸಾಕ್ಷಿಗಳ ಫೈಲಿನಲ್ಲಿ. ಅದನ್ನು ತೆರೆಯುವ ಅನುಮತಿ ಇನ್‌ಸ್ಪೆಕ್ಟರಿಗೂ ಅವರ ಮೇಲಧಿಕಾರಿಗೂ ಮಾತ್ರ. 9.30ಕ್ಕೆ ಇನ್‌ಸ್ಪೆಕ್ಟರ್ ಕಂಪ್ಯೂಟರ್ ತಂತ್ರಜ್ಞನನ್ನು ಕರೆಸಿದರು.

"ಫೈಲು ಈಗ ಯಾರ್ಯಾರಿಗೆ ತೆರೆಯುತ್ತೆ?"

"ನಲವತ್ತೊಂದು ಜನಕ್ಕೆ ಸಾರ್. ಠಾಣೆಯಲ್ಲಿ ಇರೋರಿಗೆಲ್ಲ."

"ಯಾರಪ್ಪಾ ಬಿಟ್ಟಿದ್ದು?"

ತಂತ್ರಜ್ಞ ತಲೆ ತಗ್ಗಿಸಿದ. "ನೀವೇ ಸಾರ್. ನಿನ್ನೆ ಮಧ್ಯಾಹ್ನ ಫೋನ್ ಮಾಡಿದ್ರಿ. ಸಮನ್ಸ್ ಟೈಪ್ ಮಾಡೋಳಿಗೆ ಫೈಲ್ ತೆರೀತಿಲ್ಲ, ಒಬ್ಬೊಬ್ರಿಗೆ ಅಂತ ತಲೆ ತಿನ್ಬೇಡ, ಎಲ್ರಿಗೂ ಬಿಟ್ಬಿಡು ಅಂದ್ರಿ. ಆಮೇಲೆ ಮುಚ್ಚು ಅಂತ ಹೇಳಲಿಲ್ಲ."

ಇನ್‌ಸ್ಪೆಕ್ಟರ್ ಮೊದಲು ಆ ಅನುಮತಿಯನ್ನು ರದ್ದು ಮಾಡಿಸಿದರು, ನಂತರ ಫೈಲನ್ನು ತೆರೆದವರ ದಾಖಲೆ ತೆಗೆಸಿದರು. ಅದರಲ್ಲಿ ಇದ್ದದ್ದು ಎರಡೇ ಹೆಸರು. ಮಧ್ಯಾಹ್ನ 3.05ಕ್ಕೆ ಟೈಪಿಸ್ಟ್. ಸಂಜೆ 5.20ಕ್ಕೆ ಮತ್ತೊಬ್ಬರು. ಆ ಎರಡನೆಯ ಹೆಸರನ್ನು ಅವರು ಮೂರು ಸಲ ಓದಿದರು.

ಠಾಣೆಯ ಎದುರಿನ ಔಷಧಿ ಅಂಗಡಿಯವರೂ ಪಕ್ಕದ ದರ್ಜಿಯೂ ಆ ದಾಖಲೆಯ ಪಂಚನಾಮೆಗೆ ಪಂಚರಾಗಿ ಸಹಿ ಹಾಕಿದರು. 11.20ಕ್ಕೆ ವಿಚಾರಣೆ ಶುರುವಾಯಿತು.

"ದೊಡ್ಡಪ್ಪ, ನಿನ್ನೆ ಸಂಜೆ ಸಾಕ್ಷಿ ಫೈಲ್ ತೆರೆದ್ರಾ?"

"ಇಲ್ಲ ಸಾರ್."

ಇನ್‌ಸ್ಪೆಕ್ಟರ್ ಮುದ್ರಿತ ಹಾಳೆಯನ್ನು ಮುಂದಿಟ್ಟರು. ದಫೇದಾರರು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

"ಬರೀ ನೋಡಿದ್ರೂ ಹೆಸರು ಬರ್ಕೊಳ್ಳುತ್ತಾ ಸಾರ್ ಇದು?"

ಬಾಗಿಲಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ "ಅಯ್ಯೋ ದೊಡ್ಡಪ್ಪಾ" ಎಂದು ಅತ್ತೇಬಿಟ್ಟಳು. ಬೇಲಿಯೇ ಎದ್ದು ಹೊಲ ಮೇದಿತ್ತು.

"ಆರೋಪಿ ನಿಮಗೇನಾಗ್ಬೇಕು?"

"ಅಕ್ಕನ ಮಗ. ಅಕ್ಕ ತೀರಿಕೊಂಡ ಮೇಲೆ ನಾನೇ ಸಾಕಿದ್ದು."

"ಎಫ್‌ಐಆರ್ ಬರೀವಾಗ್ಲೇ ಅವನದೇ ಕೆಲಸ ಅಂತ ಗೊತ್ತಿತ್ತಾ?"

"ಗೊತ್ತಾಯ್ತು ಸಾರ್. ಕೈ ಬರೀತಿತ್ತು, ತಲೆ ಓಡ್ತಿರಲಿಲ್ಲ."

11.50ಕ್ಕೆ ದಫೇದಾರರನ್ನು ಬಂಧಿಸಲಾಯಿತು. ಅವರ ಮನೆಯಲ್ಲೇ ಮಲಗಿದ್ದ ಸೋದರಳಿಯ 12.30ಕ್ಕೆ ಚೂರಿಯ ಸಮೇತ ಸಿಕ್ಕಿಬಿದ್ದ. ಹುಡುಗಿಯ ಜೀವಕ್ಕೆ ಅಪಾಯವಿಲ್ಲವೆಂದು ಸಂಜೆ ವೈದ್ಯರು ಹೇಳಿದರು. ಆಕೆಯ ತಾಯಿ ಮಾತ್ರ ಇನ್‌ಸ್ಪೆಕ್ಟರನ್ನು ವಾರ್ಡಿನೊಳಗೆ ಬಿಡಲಿಲ್ಲ. ಅವರು ಹಿಂತಿರುಗಿ ಬಂದು, ಅನುಮತಿ ಕೊಡಿಸಿದವನು ನಾನೇ ಎಂದು ಕೇಸ್ ಡೈರಿಯಲ್ಲಿ ಬರೆದು ಮೇಲಧಿಕಾರಿಗೆ ಕಳಿಸಿದರು.

ದಫೇದಾರರು ಯಾರಿಂದಲೂ ಏನನ್ನೂ ಪಡೆದಿರಲಿಲ್ಲ. ಅವರ ಹೇಳಿಕೆಯ ಕೊನೆಯ ಸಾಲುಗಳು ಹೀಗಿವೆ: "ಆ ಹುಡುಗಿ ಕಾಲಿಗೆ ಬಿದ್ದು ಕ್ಷಮೆ ಕೇಳ್ತೀನಿ ಮಾವ, ಮನೆ ಎಲ್ಲಿ ಅಂತಷ್ಟೇ ಹೇಳು ಅಂದ. ನಂಬಿದೆ. ಒಳ್ಳೆ ಕೆಲಸಕ್ಕೆ ಹೋಗೋನು ಸ್ನಾನ ಮಾಡ್ಕೊಂಡು ಹೋಗ್ಲಿ ಅಂತ ಬೆಳಗ್ಗೆ ಬೇಗ ಎದ್ದು ನಾನೇ ನೀರು ಕಾಯಿಸಿಕೊಟ್ಟೆ."