ಕಾರ್ಪೆಟ್ ಅಂಗಡಿಯಲ್ಲಿ ಕ-ಭಾಷೆ

ಬೆನ್ನ ಹಿಂದೆ ಶಟರ್ ಕೆಳಗಿಳಿಯಿತು.

ಅರ್ಧ ಅಲ್ಲ. ಪೂರ್ತಿ.

ಇಳಿಸಿದವನು ಬೀರುವಿನಷ್ಟು ಅಗಲ ಇದ್ದ. ಬೀರು ಅಂತಲೇ ಕರೆಯೋಣ. ಅವನು ಬೀಗ ಹಾಕಲಿಲ್ಲ, ಶಟರ್‌ಗೆ ಒರಗಿ ನಿಂತ. ಅದೇ ಸಾಕಿತ್ತು.

ಕಿಟಕಿಯೇ ಇಲ್ಲದ ಕಾರ್ಪೆಟ್ ಅಂಗಡಿ. ಒಳಗೆ ಐದು ಜನ. ನಾನು, ನನ್ನ ಅಕ್ಕ, ಬೀರು, ಮೇಜಿನ ಹಿಂದೆ ಮುದುಕ ಮಾಲೀಕ... ಮತ್ತು ಗೈಡ್.

"ಕೂತ್ಕೊಳ್ಳಿ ಅಕ್ಕಾ," ಎಂದ ಗೈಡ್, ಅಚ್ಚ ಕನ್ನಡದಲ್ಲಿ. "ಒಂದು ಕಾರ್ಪೆಟ್ ತಗೊಂಡ್ರೆ ಎಲ್ಲಾ ಸುಸೂತ್ರ. ಪಾಸ್‌ಪೋರ್ಟ್ ಇಲ್ಲೇ ಎಲ್ಲೋ ಬಿದ್ದಿರುತ್ತೆ. ಹುಡುಕಿಸ್ತೀನಿ."

ಈ ಕನ್ನಡವೇ ನಮ್ಮನ್ನು ಮುಳುಗಿಸಿದ್ದು.

ಕೇಳಿ, ಕಳುವಾದ ಕಾರು ಪತ್ತೆ ಮಾಡುವುದು ನನ್ನ ಕಸುಬು. ಇನ್ಶೂರೆನ್ಸ್ ಕಂಪನಿಯವರು ಕರೆಯುತ್ತಾರೆ, ನಾನು ಹೋಗಿ ಹುಡುಕುತ್ತೇನೆ. ಹದಿನೆಂಟು ವರ್ಷದಲ್ಲಿ ಎಂಥೆಂಥ ಖದೀಮರ ಕೊರಳಪಟ್ಟಿ ಹಿಡಿದಿದ್ದೇನೆ. ಅಂಥವನು ಬೆಪ್ಪುತಕ್ಕಡಿ ಆದೆ. ಯಾಕೆ? ನಿನ್ನೆ, ಈ ಪರದೇಶದ ಬೀದಿಯಲ್ಲಿ, ಒಂದಕ್ಷರ ಅರ್ಥವಾಗದ ಗದ್ದಲದ ಮಧ್ಯೆ, ಹಿಂದಿನಿಂದ ಯಾವನೋ "ಊಟ ಆಯ್ತಾ ಅಕ್ಕಾ?" ಅಂದ.

ಅಷ್ಟೇ. ಅಕ್ಕ ಕರಗಿ ನೀರಾದಳು. ನಾನೂ ಆದೆ, ಸುಳ್ಳು ಯಾಕೆ ಹೇಳಲಿ.

ಅವನು ಕರೆದ, ನಾವು ಈ ಅಂಗಡಿಗೆ ಬಂದೆವು. ಅಕ್ಕ ಒಂದು ಶಾಲು ಕೊಂಡಳು. ಟೂರಿಸ್ಟ್‌ಗಳಿಗೆ ತೆರಿಗೆ ವಾಪಸ್ ಬರುತ್ತದೆ, ಪಾಸ್‌ಪೋರ್ಟ್ ಜೆರಾಕ್ಸ್ ಬೇಕು ಅಂದರು. ಕೊಟ್ಟಳು. ಐದು ನಿಮಿಷದಲ್ಲಿ ಕವರ್ ಸಮೇತ ಕೈಗೆ ಬಂತು. ಯಾರು ತೆರೆದು ನೋಡುತ್ತಾರೆ?

ಇವತ್ತು ಬೆಳಿಗ್ಗೆ ಊರಿನಿಂದ ಫೋನ್ ಬಂತು. ಅಕ್ಕನ ಮಗಳಿಗೆ ಬಿ.ಪಿ. ಏರಿದೆ. ಹೆರಿಗೆಗೆ ಇನ್ನೂ ಮೂರು ವಾರ ಇತ್ತು, ಆದರೆ ಡಾಕ್ಟರು ಕಾಯುವ ಹಾಗಿಲ್ಲ ಅಂದಿದ್ದಾರೆ. ನಾಳೆಯೇ ಆಪರೇಷನ್. ಆ ಹುಡುಗಿಗೆ ತಾಯಿ ಬಿಟ್ಟರೆ ಬೇರೆ ದಿಕ್ಕಿಲ್ಲ. ನಾನು ಟಿಕೆಟ್ ಬದಲಾಯಿಸಿದೆ. ಬ್ಯಾಗ್ ತುಂಬುವಾಗ ಅಕ್ಕ ಪಾಸ್‌ಪೋರ್ಟ್ ತೆರೆದಳು.

ಒಳಗಿದ್ದದ್ದು ಯಾವುದೋ ಗುಂಗುರು ಕೂದಲಿನ ಹೆಂಗಸಿನ ಫೋಟೋ!

ಈಗ ಗಂಟೆ ಹನ್ನೆರಡು. ವಿಮಾನ ಮೂರೂವರೆಗೆ.

"ಪೊಲೀಸ್ ಕರೀತೀನಿ," ಎಂದೆ.

"ಕರೀರಿ ಅಣ್ಣಾ. ಬರ್ತಾರೆ, ಟೀ ಕುಡೀತಾರೆ, ಬರ್ಕೊಳ್ತಾರೆ. ಸಂಜೆ ಆಗುತ್ತೆ." ಗೈಡ್ ವಾಚ್ ನೋಡಿಕೊಂಡ. "ಫ್ಲೈಟ್ ಎಷ್ಟು ಗಂಟೆಗೆ?"

ನನ್ನ ಮೈ ಉರಿದುಹೋಯಿತು. "ಅವಳ ಮಗಳು ಆಸ್ಪತ್ರೇಲಿದಾಳೆ ಕಣೋ."

"ಅದಕ್ಕೇ ಹೇಳ್ತಿರೋದು. ಬೇಗ ಕಾರ್ಡ್ ಉಜ್ಜಿ."

ಉಜ್ಜಬಹುದಿತ್ತು. ಉಜ್ಜಿದ ಮೇಲೆ ಎರಡನೇ ಕಾರ್ಪೆಟ್ ಬಿಚ್ಚುತ್ತಾರೆ. ಒಮ್ಮೆ ಬಗ್ಗಿದವನನ್ನು ಇಂಥವರು ಬಿಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಮುದುಕ ಮೇಜಿನಡಿಗೆ ಬಗ್ಗಿ ಕಾರ್ಡ್ ಮಷೀನ್ ತೆಗೆದ. ಅಕ್ಕ ಗಿಡ್ಡ ಸ್ಟೂಲ್ ಮೇಲೆ ಕೂತಿದ್ದಳು, ಮೇಜಿನ ಪಕ್ಕದಲ್ಲೇ. ಹೈಸ್ಕೂಲ್ ಹೆಡ್ ಮಿಸ್ ಅವಳು. ಪರೀಕ್ಷೆಯಲ್ಲಿ ಮೂರನೇ ಬೆಂಚಿನ ಚೀಟಿ ಕಾಣಿಸುವ ಕಣ್ಣು. ಸೆರಗು ಸರಿ ಮಾಡಿಕೊಂಡು, ಯಾರನ್ನೂ ನೋಡದೆ, ಗೊಣಗಿದಳು.

"ಕಟೇ ಕಬಲ್ ಕಕೆ ಕಳ ಕಗೆ ಕಡ ಕಬ್ಬಿ."

ನನಗೆ ಒಂದು ಕ್ಷಣ ಹಿಡಿಯಿತು. ಕ-ಭಾಷೆ! ಚಿಕ್ಕವರಿದ್ದಾಗ ಅಮ್ಮನಿಗೆ ತಿಳಿಯದ ಹಾಗೆ ಜಗಳವಾಡಲು ಬಳಸುತ್ತಿದ್ದೆವು. ಪ್ರತಿ ಅಕ್ಷರದ ಮುಂದೆ ಒಂದು ಕ. ಕ-ಗಳನ್ನೆಲ್ಲ ಕಿತ್ತು ಹಾಕಿದೆ.

ಟೇಬಲ್ ಕೆಳಗೆ ಡಬ್ಬಿ. ಒಳಗಿನ ಪಾಸ್‌ಪೋರ್ಟ್ ಅವಳ ಕಣ್ಣಿಗೆ ಬಿದ್ದಿರಬೇಕು.

ಗೈಡ್ ಹುಬ್ಬು ಗಂಟಿಕ್ಕಿದ. ಮನೆಯೊಳಗೆ ತಾಯಿಯಿಂದ ಕಲಿತ ಕನ್ನಡ ಇರಬೇಕು ಅವನದು. ಓಣಿಯಲ್ಲಿ ಹುಡುಗರ ಜೊತೆ ಆಡಿದವನಲ್ಲ.

"ಏನಂದ್ರಿ ಅಕ್ಕಾ?"

"ಮಂತ್ರ," ಎಂದಳು ಅಕ್ಕ. "ಮಗಳಿಗೆ ಒಳ್ಳೇದಾಗ್ಲಿ ಅಂತ."

"ಇನ್ನೊಂದ್ಸಲ ಹೇಳಕ್ಕಾ," ಎಂದೆ ನಾನು. "ದೊಡ್ಡದಾಗಿ."

"ಕಲೈ ಕಟು ಕತೆ ಕಗೆ."

ಸ್ವಿಚ್ ಬೋರ್ಡು ನನ್ನ ಮೊಣಕೈ ಹತ್ತಿರವೇ ಇತ್ತು. ಪರ್ಸ್ ತೆಗೆಯುವವನಂತೆ ಎಡಗೈಯನ್ನು ಜೇಬಿಗೆ ಹಾಕಿದೆ. ಗೈಡ್‌ನ ಮುಖ ಅರಳಿತು. ಬಲಗೈಯಲ್ಲಿ ಅಷ್ಟೂ ಸ್ವಿಚ್ಚುಗಳನ್ನು ಒಟ್ಟಿಗೆ ಒತ್ತಿದೆ.

ಕಗ್ಗತ್ತಲು. ಶಟರ್ ಇಳಿಸಿಕೊಂಡವರು ಅವರೇ ತಾನೆ.

ಗೋಡೆಗೆ ನಿಲ್ಲಿಸಿದ್ದ ಕಾರ್ಪೆಟ್ ಸುರುಳಿಗಳಿಗೆ ಭುಜ ಕೊಟ್ಟು ತಳ್ಳಿದೆ. ಧಡ್... ಧಡ್... ಧಡ್. ಬೀರು ಹೊಟ್ಟೆಯಿಂದ ನರಳಿದ. ಯಾರದೋ ಕೈ ನನ್ನ ಕಾಲರ್ ಹಿಡಿಯಿತು. ಮೊಣಕೈಯಿಂದ ಹಿಂದಕ್ಕೆ ಗುದ್ದಿದೆ, ಅದು ಹಲ್ಲಿಗೆ ತಾಗಿತು. ಕೆಳಗೆ ಬೀರು ಒದ್ದಾಡುತ್ತಿದ್ದ. ಅವನ ಮೇಲಿನ ಕಾರ್ಪೆಟ್ ತುಳಿದು ನಿಂತು ಶಟರ್ ಎತ್ತಿದೆ.

ಬಿಸಿಲು ನುಗ್ಗಿತು. ಅಕ್ಕ ನನಗಿಂತ ಮೊದಲೇ ನುಸುಳಿ ಆಚೆ ಇದ್ದಳು. ಕಂಕುಳಲ್ಲಿ ಬಿಸ್ಕತ್ ಡಬ್ಬಿ!

ಓಡಿದೆವು. ಐವತ್ತೇಳರ ಹೆಂಗಸು, ಮಂಡಿನೋವಿನವಳು, ಸೀರೆ ಎತ್ತಿ ಹಿಡಿದು ನನ್ನ ಸಮಕ್ಕೆ ಓಡಿದಳು. ಮೂಲೆಯಲ್ಲಿ ಟ್ಯಾಕ್ಸಿ ಸಿಕ್ಕಿತು. "ಏರ್‌ಪೋರ್ಟ್," ಎಂದೆ.

ಡಬ್ಬಿಯಲ್ಲಿ ಆರು ಪಾಸ್‌ಪೋರ್ಟ್ ಇದ್ದವು. ಮೂರನೆಯದು ಅಕ್ಕನದು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು.

ಕೊನೆಯದರಲ್ಲಿ ಇದ್ದದ್ದು ಗೈಡ್‌ನ ಫೋಟೋ. ಗಡ್ಡ ಇಲ್ಲ, ಕೆನ್ನೆಯಲ್ಲಿ ಇನ್ನೂ ಎಳಸುತನ.

ಅಷ್ಟರಲ್ಲಿ ಕೆಂಪು ಸಿಗ್ನಲ್ ಬಿತ್ತು. ಗಾಜಿನ ಮೇಲೆ ಧಬಧಬ ಅಂತ ಕೈ ಬಡಿಯಿತು. ಅವನೇ. ಒಬ್ಬನೇ ಓಡಿ ಬಂದಿದ್ದ. ತುಟಿಯಿಂದ ರಕ್ತ ಇಳಿಯುತ್ತಿತ್ತು. ಗಾಜನ್ನು ಎರಡು ಬೆರಳಷ್ಟು ಇಳಿಸಿದೆ.

"ಅಣ್ಣಾ... ನಂದೂ ಅದ್ರಲ್ಲಿದೆ. ಐದು ವರ್ಷದಿಂದ ಆ ಮುದುಕ ಇಟ್ಕೊಂಡಿದಾನೆ. ಕೊಟ್ಬಿಡಿ. ನಾನೂ ಊರಿಗೆ ಹೋಗ್ಬೇಕು."

ಕಣ್ಣಲ್ಲಿ ನೀರಿತ್ತು. ನಿಜವಾದದ್ದೇ ಇರಬಹುದು. ನಿನ್ನೆಯ ನಗುವೂ ನಿಜ ಅನ್ನಿಸಿತ್ತು.

"ಉಳಿದ ನಾಲ್ಕು ಯಾರದು?"

"ಗೊತ್ತಿಲ್ಲ."

"ಅವರನ್ನ ಅಂಗಡಿಗೆ ಕರ್ಕೊಂಡು ಬಂದೋರು ಯಾರು?"

ಸಿಗ್ನಲ್ ಹಸಿರಾಯಿತು. ನಾನು ಡ್ರೈವರ್‌ನ ಭುಜ ತಟ್ಟಿದೆ.

ಅಕ್ಕ ಹಿಂದಿನ ಗಾಜಿನಲ್ಲಿ ಅವನನ್ನೇ ನೋಡುತ್ತಿದ್ದಳು. ಆಮೇಲೆ, "ಕೊಟ್ಟುಬಿಡಬಹುದಿತ್ತೇನೋ," ಎಂದಳು.

"ನಿನ್ನ ಮಗಳ ವಿಷಯ ಹೇಳಿದಾಗ ಅವನು ಏನಂದ, ನೆನಪಿದೆಯಾ?"



ವಿಮಾನ ಸಿಕ್ಕಿತು. ಮರುದಿನ ಮಗಳನ್ನು ಆಪರೇಷನ್ ಥಿಯೇಟರಿಗೆ ಒಯ್ಯುವಾಗ ಅಕ್ಕ ಅವಳ ಕೈ ಹಿಡಿದಿದ್ದಳು. ಹೆಣ್ಣು ಮಗು. ಇಬ್ಬರೂ ಆರಾಮಾಗಿದ್ದಾರೆ.

ಅಂದಹಾಗೆ, ಡಬ್ಬಿಯನ್ನು ಏರ್‌ಪೋರ್ಟ್ ಪೊಲೀಸರಿಗೆ ಕೊಟ್ಟು ಬಂದೆ. ಗುಂಗುರು ಕೂದಲಿನವಳದೂ ಸೇರಿ ಆರು ಪಾಸ್‌ಪೋರ್ಟ್. ಗೈಡ್‌ನದೂ ಅದರಲ್ಲೇ ಇದೆ. ಹೋಗಿ ಕೇಳಿದರೆ ಧಾರಾಳವಾಗಿ ಕೊಡುತ್ತಾರೆ.

ಎಲ್ಲಿ ಕಳೆದುಹೋಯಿತು ಅಂತ ಬಾಯಿಬಿಟ್ಟು ಹೇಳಬೇಕು, ಅಷ್ಟೇ.