ಗೂಡಲೂರಿನಲ್ಲಿ ನಿಲ್ಲದ ಬಂಡಿ

"ನಿಲ್ಸಿ! ಬಂಡಿ ನಿಲ್ಸಿ!"

ಮಣಿಮೇಗಲೈ ತಮಿಳಿನಲ್ಲಿ ಕೂಗುತ್ತಾ ಚಿನ್ನಾಳಪಟ್ಟಿಯ ನೇಕಾರರ ಬೀದಿಯಲ್ಲಿ ಓಡಿದಳು. ಮಕ್ಕಳಿಗೆ ಪಾಠ ಹೇಳಿ ಶಾಲೆಯಿಂದ ಬಂದರೆ ಅಮ್ಮನ ಕುರ್ಚಿ ಖಾಲಿ! ಬೀದಿಯ ತುದಿಯಲ್ಲಿ ಬಿಳಿ ಕ್ಯಾರವಾನ್ ಒಂದು ಮೆಲ್ಲಗೆ ತಿರುಗುತ್ತಿತ್ತು, ಅದರ ಕಿಟಕಿಯಲ್ಲಿ ಅಮ್ಮನ ಮುಖ.

ಕ್ಯಾರವಾನ್ ನಿಂತಿತು. ಇಳಿದು ಬಂದವನ ಮೇಲೆ ಅವಳು ಹರಿಹಾಯ್ದಳು.

"ಪಾರ್ಶ್ವವಾಯು ಹೊಡೆದಿರೋ ಹೆಂಗಸು ಅವರು! ಯಾರನ್ನ ಕೇಳಿ ಹತ್ತಿಸಿಕೊಂಡ್ರಿ?"

"ಅವರನ್ನೇ ಕೇಳಿದೆ," ಎಂದ ಅವನು ಮೆತ್ತಗೆ. "ಯಾವ ತಿರುವಿಗೆ ಅವರ ತಲೆ ಸುತ್ತುತ್ತೆ ಅಂತ ತಿಳೀದೆ ಬೆಟ್ಟದ ದಾರಿ ಹೆಂಗೆ ಗೊತ್ತುಮಾಡಲಿ?"

ಒಳಗಿನಿಂದ ಅಮ್ಮ ಸುಬ್ಬುಲಕ್ಷ್ಮಿಯ ದನಿ ಕನ್ನಡದಲ್ಲಿ ಬಂತು. "ಬಯ್ಯಬ್ಯಾಡ ಕಣ್ಣೂ... ಹುಡುಗ ನಲ್ಲಾ, ಚೆನ್ನಾಗಿ ಓಡಿಸ್ತಾನೆ."

ಅವನ ಮುಖ ಅರಳಿತು. "ಅಮ್ಮಾ, ನೀವೂ ನಮ್ಮ ಮಾತು, ಕನ್ನಡದವರಾ?"

ಅವನು ಪ್ರಭಾಕರನ್. ತೇನಿಯವನು. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಆ ಬಂಡಿಯನ್ನು ತಾನೇ ಓಡಿಸಿಕೊಂಡು ಜನರನ್ನು ಬೆಟ್ಟ ಸುತ್ತಿಸುವುದು ಅವನ ಕಸುಬು. ಮಣಿಮೇಗಲೈ ಅಮ್ಮನ ಪ್ರಯಾಣಕ್ಕೆಂದು ಫೋನಿನಲ್ಲಿ ಮಾತಾಡಿದ್ದು ಅವನ ಜೊತೆಗೇ. ಆದರೆ ಬಂದ ದಿನವೇ ಹೀಗೆ ಜಗಳವಾಗುತ್ತದೆಂದು ಯಾರಿಗೆ ಗೊತ್ತಿತ್ತು!

ಸುಬ್ಬುಲಕ್ಷ್ಮಿಗೆ ಒಂದೇ ಆಸೆ. ಕುಮಳಿಯ ಆಚೆ ಏಲಕ್ಕಿ ತೋಟದಲ್ಲಿರುವ ಅಕ್ಕ ಚಿನ್ನಮ್ಮಾಳ್‌ನ ನೋಡಬೇಕು, ಹಾಗೇ ಕೊಡೈಕಾನಲ್ಲನ್ನೂ ಇನ್ನೊಮ್ಮೆ ನೋಡಬೇಕು. ಬಸ್ಸಿನಲ್ಲಿ ಕೂತರೆ ಎರಡನೇ ತಿರುವಿಗೇ ವಾಂತಿ. ಇನ್ನು ಚಿನ್ನಮ್ಮಾಳ್‌ಗೂ ಒಂದು ಆತುರವಿತ್ತು. ಮಣಿಮೇಗಲೈಗೆ ಗಂಡು ನೋಡಿಟ್ಟಿದ್ದಳು. ತೋಟಕ್ಕೆ ಬಂದ ಮಾರನೆಯ ದಿನವೇ ಗಂಡಿನವರು ಬರುತ್ತಾರೆ, ಅಲ್ಲೇ ಉತ್ತರ ಹೇಳಬೇಕು.

ಆ ಸಂಜೆ ಪ್ರಭಾಕರನ್ ನಡುಮನೆಯಲ್ಲಿ ನಕ್ಷೆ ಬಿಡಿಸಿದ.

"ಬೆಳಿಗ್ಗೆ ಮಾತ್ರ ಓಡಿಸೋದು. ಊಟಕ್ಕೆ ಮುಂಚೆ ಬಂಡಿ ನಿಲ್ಲಬೇಕು. ಬೆಟ್ಟ ಹತ್ತೋ ಮುಂಚೆ ಕೆಳಗಿನ ಊರಲ್ಲಿ ಒಂದು ರಾತ್ರಿ ನಿದ್ದೆ, ಆಮೇಲೇನೇ ಘಾಟು. ಕೊಡೈಕಾನಲ್‌ಗೆ ಮುಂಚೆ ಬತ್ಲಗುಂಡು. ಕುಮಳಿಗೆ ಮುಂಚೆ ಗೂಡಲೂರು."

"ಒಂದೇ ದಿನದ ದಾರಿಗೆ ಇಷ್ಟು ದಿನವಾ?" ಎಂದಳು ಮಣಿಮೇಗಲೈ ಎಂದಿನಂತೆ ತಮಿಳಿನಲ್ಲೇ.

"ದಾರಿಗೆ ಒಂದು ದಿನ ಸಾಕು. ಅಮ್ಮನಿಗೆ ಸಾಲದು."

ಅಮ್ಮನ ಬಗ್ಗೆ ತನ್ನಷ್ಟೇ ಯೋಚಿಸುವ ಇನ್ನೊಂದು ಜೀವವನ್ನು ಅವಳು ಅಪ್ಪ ಹೋದ ಮೇಲೆ ಕಂಡಿರಲಿಲ್ಲ. ಅವನೂ ತಲೆಯೆತ್ತಿ ನೋಡಿದ... ಅವಳ ಎದೆ ಝಲ್ಲೆಂದಿತು!

ಆಗಲೇ ಸುಬ್ಬುಲಕ್ಷ್ಮಿ ಕೇಳಿದ್ದು. "ನಿಮ್ಮ ಕುಲಸಾಮಿ ಯಾವುದು ಪಾ?"

ತಮಿಳುನಾಡಿನ ಈ ಕಡೆಯ ಕನ್ನಡದವರು ಇಬ್ಬರು ಸೇರಿದರೆ ಹೆಸರಿಗಿಂತ ಮುಂಚೆ ಕೇಳುವ ಪ್ರಶ್ನೆ ಅದು. ಕುಲಸಾಮಿ, ಅಂದರೆ ಕುಲದೇವರು, ಅಪ್ಪನ ಕಡೆಯಿಂದ ಬರುತ್ತದೆ. ಅದು ಒಂದೇ ಆದರೆ ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ.

ಪ್ರಭಾಕರನ್ ನಕ್ಷೆಯತ್ತ ಕಣ್ಣು ತಗ್ಗಿಸಿದ. "ಗೂಡಲೂರಿನ ಆಲಮರದಮ್ಮ," ಎಂದ.

"ಅಯ್ಯೋ ಸಾಮೀ! ಇವಳ ಅಪ್ಪನ ಮನೇದೂ ಅದೇ! ಹಂಗಾದ್ರೆ ಮಣೀ, ಇವನು ನಿನಗೆ ಅಣ್ಣ ಮುರೆ, ಅಣ್ಣನ ವರಸೆ ಆಗಬೇಕು. ನನಗೆ ಮಗ!"

ಮಣಿಮೇಗಲೈ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಅವನು ನಕ್ಷೆ ಮಡಚಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೊರಟ ಮೇಲೆ ದಾರಿ ನಿಜಕ್ಕೂ ಸುಖವಾಗಿತ್ತು. ಬತ್ಲಗುಂಡಿನ ತೆಂಗಿನ ತೋಪಿನಲ್ಲಿ ಮಲಗಿ ಎದ್ದು, ಕೊಡೈಕಾನಲ್ ಹತ್ತಿದರು. ಪ್ರತಿ ತಿರುವಿಗೂ ಅವನು "ಚಿಕ್ಕಮ್ಮಾ, ಎಡಕ್ಕೆ" "ಚಿಕ್ಕಮ್ಮಾ, ಬಲಕ್ಕೆ" ಎಂದು ಮುಂಚೆಯೇ ಹೇಳುತ್ತಿದ್ದ. ಹೇಳಿದರೆ ತಲೆ ಸುತ್ತುವುದಿಲ್ಲವಂತೆ! ಮಂಜು ಸರಿದು ಕಣಿವೆ ಕಾಣಿಸಿದಾಗ ಸುಬ್ಬುಲಕ್ಷ್ಮಿ ಚಿಕ್ಕ ಮಗುವಿನಂತೆ ಅತ್ತಳು. ಅವಳ ಕಾಲಿಗೆ ಶಾಲು ಸುತ್ತಿದ್ದು ಅವನೇ.

'ನನ್ನ ಕಡೆ ಮಾತ್ರ ನೋಡುವುದೇ ಇಲ್ಲ... ತಂಗಿ ಅಂದರೆ ತಂಗಿ, ಅಷ್ಟೇ. ಇವನಿಗೆ ಎಷ್ಟು ಸುಲಭ!'

ಬಾಯಿ ತೆರೆದು ಅಣ್ಣಾ ಎಂದು ಕರೆಯಲು ಮಣಿಮೇಗಲೈಯಿಂದ ಒಮ್ಮೆಯೂ ಆಗಲಿಲ್ಲ.

ಬೆಟ್ಟ ಇಳಿದು, ತೇನಿ ದಾಟಿ, ಕಂಬಂಗೆ ಬಂದರು. ಮರುದಿನ ಬೆಳಿಗ್ಗೆ ದ್ರಾಕ್ಷಿ ತೋಟಗಳ ನಡುವೆ ಹೊರಟಾಗ ಅವನು ಇದ್ದಕ್ಕಿದ್ದಂತೆ ಹೇಳಿದ.

"ಗೂಡಲೂರಲ್ಲಿ ನಿಲ್ಲೋದು ಬ್ಯಾಡ. ನೇರ ಮೇಲೆ ಹೋಗೋಣ."

"ನಿಲ್ಲಲೇಬೇಕು ಅಂದವರು ನೀವೇ ಅಲ್ವಾ?"

"ಸುಮ್ನೆ ತಡ ಆಗುತ್ತೆ."

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಇಷ್ಟು ದಿನ ಆಗದ ತಡ ಈಗ ಆಯಿತೇ? ಬೇಗ ತನ್ನನ್ನು ಗಂಡಿನವರ ಮುಂದೆ ಇಳಿಸಿ ಕೈತೊಳೆದುಕೊಳ್ಳಬೇಕು, ಅಲ್ಲವೇ... "ಸರಿ, ನಡೀರಿ," ಎಂದಳು.

ಗೂಡಲೂರು ಹಿಂದೆ ಹೋಯಿತು. ಅವನು ಊರಿನ ಕಡೆ ತಿರುಗಿಯೂ ನೋಡಲಿಲ್ಲ. ಘಾಟಿನ ಮೊದಲ ತಿರುವುಗಳಲ್ಲಿ ಎಡ ಬಲ ಹೇಳುವುದನ್ನೂ ಮರೆತಿದ್ದ.

"ಮಣೀ..." ಎಂದು ನರಳಿದಳು ಅಮ್ಮ. ಮುಖ ಬಿಳಿಚಿತ್ತು. ತಿಂದದ್ದೆಲ್ಲ ಹೊರಬಂತು.

ಲಾರಿಗಳು ತಿರುಗುವ ಅಗಲದ ಜಾಗದಲ್ಲಿ ಅವನು ಬಂಡಿ ನಿಲ್ಲಿಸಿದ. ಅಮ್ಮನನ್ನು ಹಾಸಿಗೆಯಲ್ಲಿ ಮಲಗಿಸಿ, ಮುಖ ಒರೆಸಿ, ಮಣಿಮೇಗಲೈ ಬಾಗಿಲಲ್ಲಿ ನಿಂತವನತ್ತ ತಿರುಗಿದಳು. ಕಣ್ಣು ಕೆಂಪಾಗಿತ್ತು.

"ನಿಮ್ಮ ಮಾತು ನೀವೇ ಮುರಿದ್ರಿ! ನನ್ನನ್ನ ದಾಟಿಸಿಬಿಡೋ ಅವಸರಕ್ಕೆ ನನ್ನ ಅಮ್ಮನ ಜೀವ ಬೇಕಾಯ್ತಾ?"

"ಇಲ್ಲೆ... ಹಂಗಲ್ಲ."

"ಮತ್ತೆ ಹೆಂಗೆ? ಹೇಳಿ!"

ಅವನು ಬಾಗಿಲ ಚೌಕಟ್ಟು ಹಿಡಿದ. "ಗೂಡಲೂರಲ್ಲಿ ನಿಂತ್ರೆ ನಮ್ಮ ಸೋದರಮಾವ ಬರ್ತಾರೆ. ನನ್ನ ಸುಳ್ಳು ನಿಮಗೆ ತಿಳೀತದೆ. ಆಲಮರದಮ್ಮ ನನ್ನ ಕುಲಸಾಮಿ ಅಲ್ಲ. ನನ್ನ ಅಮ್ಮ ಹುಟ್ಟಿದ ಮನೆ ಸಾಮಿ ಅವಳು."

ಮಣಿಮೇಗಲೈ ಮುಖ ಒರೆಸಿದ ಬಟ್ಟೆ ಕೆಳಗಿಟ್ಟಳು.

"ನಾನು ಮಗುವಾಗಿದ್ದಾಗಲೇ ಅಪ್ಪ ನಮ್ಮನ್ನ ಬಿಟ್ಟು ಬೇರೆ ಸಂಸಾರ ಕಟ್ಟಿದ. ಅಮ್ಮ ಸತ್ತ ದಿನ ಆಳು ಕಳಿಸಿದ್ವಿ... ಮುಖ ನೋಡಕ್ಕೂ ಬರಲಿಲ್ಲ. ಆವತ್ತಿಂದ ಅವನ ಕುಲ, ಅವನ ಸಾಮಿ ನನ್ನ ಬಾಯಲ್ಲಿ ಬರಲ್ಲ. ಯಾರು ಕೇಳಿದ್ರೂ ಮಾವನ ಮನೇದೇ ಹೇಳ್ತೀನಿ. ನಿಮ್ಮ ಮನೇಲೂ ಹೇಳಿದೆ. ಆಮೇಲೆ ತಿದ್ದಬೇಕು ಅಂದ್ರೆ... ಅವನ ಹೆಸರು ಹೇಳಬೇಕು."

"ನಾನು ಬೇರೆಯವನಿಗೆ ಹೂಂ ಅಂದ್ರೂ ಹೇಳ್ತಿರಲಿಲ್ವಾ?"

ಅವನು ಹೊರಗೆ ತಿರುಗಿ ನಿಂತ. ಕೆಳಗೆ ಕಣಿವೆಯ ಹೊಲಗಳ ಮೇಲೆ ಬಿಸಿಲು ಏರುತ್ತಿತ್ತು. ಒಬ್ಬ ಮನುಷ್ಯ ತನ್ನ ಸೇಡನ್ನು ನುಂಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಕಾದಳು. ನೋಯುತ್ತಿದ್ದರೂ ಕಾದಳು.

ಕೊನೆಗೆ ಅವನು ಹಾಸಿಗೆಯ ಬಳಿ ಮಂಡಿಯೂರಿದ. "ಚಿಕ್ಕಮ್ಮಾ... ತಪ್ಪಾಯ್ತು. ನಮ್ಮಪ್ಪ ಸೇಕರ್. ತೇವಾರಂ ಕಡೆ ಕಲ್ಲುಗುಡಿ ಅಯ್ಯ ನಮ್ಮ ಕುಲಸಾಮಿ. ನಿಮ್ಮ ಮಗಳಿಗೆ ನಾನು ಅಣ್ಣ ಅಲ್ಲ. ಅವರನ್ನ... ನನಗೆ ಕೊಡ್ತೀರಾ?"

ಸುಬ್ಬುಲಕ್ಷ್ಮಿ ಕಣ್ಣು ತೆರೆದಳು.

"ನಿಮ್ಮಮ್ಮ ಆಲಮರದಮ್ಮನ ಮನೆ ಹೆಣ್ಣಾ?"

"ಹೂಂ."

"ಪೈತ್ಯಾ ನಿನಗೆ, ಹುಚ್ಚಾ? ಇವಳ ಅಪ್ಪಂದೂ ಅದೇ ಕುಲ. ನಿಮ್ಮಮ್ಮ ಅವರಿಗೆ ತಂಗಿ ಆಗ್ತಾಳೆ. ಹಂಗಾದ್ರೆ ನೀ ಇವಳಿಗೆ ಯಾರು? ಅತ್ತೆ ಮಗ! ಬೇರೆ ಯಾರಿಗೆ ಕೊಡಬೇಕಾದ್ರೂ ನಿನ್ನ ಕೇಳಿ ಕೊಡಬೇಕು ಕಣೋ, ಅಷ್ಟು ಉರಿಮೆ, ಅಷ್ಟು ಹಕ್ಕು ನಿಂದು!"

ಸರಿಯಾಗಿ ಆಡದ ಕೈಯಿಂದಲೇ ಅವನ ತಲೆ ಸವರಿದಳು. "ನಾನು ನಿನಗೆ ಅತ್ತೆ. ಈಗ ಬಂಡಿ ಕೆಳಗೆ ತಿರುಗಿಸು. ಗೂಡಲೂರಲ್ಲಿ ನಿಮ್ಮ ಮಾವನ ಮನೇಲಿ ಮಲಗಿ ನಾಳೆ ಹತ್ತೋಣ. ಗಂಡಿನವರು ಬರೋದು ಬ್ಯಾಡ ಅಂತ ಅಕ್ಕನಿಗೆ ನಾನು ಹೇಳ್ಕೋತೀನಿ."

ಅವನು ಹೊರಗೆ ಬಂದಾಗ ಮಣಿಮೇಗಲೈ ತಡೆಗೋಡೆಗೆ ಒರಗಿ ಅಳುತ್ತಿದ್ದಳು. ಅವನು ಪಕ್ಕದಲ್ಲಿ ನಿಂತ.

"ಕೋಪ ಹೋಗಿಲ್ವಾ?"

"ಹೋಗಿಲ್ಲ... ಮದುವೆ ಪತ್ರಿಕೇಲಿ ನಿಮ್ಮ ಅಪ್ಪನ ಹೆಸರು ಹಾಕಬೇಕಾಗುತ್ತೆ. ಹಾಕಿಸ್ತೀರಾ?"

ಅವನು ತಲೆ ತಗ್ಗಿಸಿದ. "ಹಾಕಿಸ್ತೀನಿ. ಆದರೆ ಅಮ್ಮನ ಹೆಸರು ಮುಂಚೆ ಬರಲಿ."

"ಏನು ಅವರ ಹೆಸರು?"

"ಮುತ್ತುಮಾರಿ."

ಅವಳು ಕಣ್ಣೊರೆಸಿಕೊಂಡು, ಎಂದೂ ಕಾಣದ ಆ ಹೆಂಗಸಿನ ಹೆಸರನ್ನು ತನಗೆ ಅಷ್ಟಾಗಿ ಹೊರಳದ ಮನೆಮಾತು ಕನ್ನಡದಲ್ಲೇ ನಿಧಾನವಾಗಿ ಹೇಳಿದಳು.

"ಸರಿ. ಮುತ್ತುಮಾರಿ ಅತ್ತೆ ಹೆಸರೇ ಮುಂಚೆ."

ಅವನು ಅವಳ ಕೈ ಹಿಡಿದುಕೊಂಡು, ಅಮ್ಮ ಸತ್ತ ಮೇಲೆ ಮೊದಲ ಬಾರಿಗೆ, ಜೋರಾಗಿ ಅತ್ತುಬಿಟ್ಟ.