ಮೂರು ಕರ್ಚೀಫು

"ಇಷ್ಟೇನಾ ದಾರಿ?" ಅಂಜಲಿ ಕಣ್ಣರಳಿಸಿ ಕೇಳಿದಳು.

ಬತ್ತೇರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ರಜಿಷ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಿದ್ದರು. ಅದರಲ್ಲಿ ಅಂಜಲಿಯ ತಮ್ಮ, ನಾಲ್ಕು ವರ್ಷದ ಜಿನುವಿನ ತಲೆ ಪಕ್ಕದಿಂದ ಕಾಣುತ್ತಿತ್ತು. ಮೂಗಿನ ಹಿಂದೆ ಬೆಳ್ಳಗೆ ಒಂದು ಉಂಡೆ. ಅದರ ಪಕ್ಕದಲ್ಲಿ ನೂಲಿನಷ್ಟು ಸಣ್ಣ ಕಪ್ಪು ಗೆರೆ.

"ಇಷ್ಟೇ ಮೋಳೆ." 'ಮಗಳೇ' ಎಂಬುದೊಂದನ್ನು ಮಲಯಾಳದಲ್ಲೇ ಉಳಿಸಿ, ಗುಂಡ್ಲುಪೇಟೆಯ ರೋಗಿಗಳಿಂದ ಕಲಿತ ಕನ್ನಡದಲ್ಲಿ ಡಾಕ್ಟರ್ ಹೇಳಿದರು. "ಈ ಉಂಡೆ ಅಡಿನಾಯ್ಡ್. ಊದಿಕೊಂಡು ದಾರಿ ಮುಚ್ಚಿದೆ. ಮೂಗಿನ ಉಸಿರೆಲ್ಲ ಈ ಸಂದೀಲೇ ನುಸುಳಬೇಕು."

ಅಬ್ಬಾ! ಜಿನು ಬಾಯಿ ತೆರೆದು ಗೊರಕೆ ಹೊಡೆದರೆ ಅಂಜಲಿ 'ಲಾರಿ ಬಂತು ಲಾರಿ' ಎಂದು ಗೇಲಿ ಮಾಡುತ್ತಿದ್ದಳು. ಪಾಪ, ಆ ಪುಟ್ಟ ಲಾರಿಗೆ ರಸ್ತೆಯೇ ಇರಲಿಲ್ಲ.

ಡಾಕ್ಟರ್ ಫೈಲ್ ತೆರೆದು ಅಮ್ಮನ ಕಡೆ ತಿರುಗಿದರು. "ಆಪರೇಷನ್ ಚಿಕ್ಕದೇ. ಆದ್ರೆ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಆಮೇಲೆ ತೊಂದರೆ ಆಗ್ತದೆ. ಯಾರಿಗೆ ಆಗಬಹುದು ಅಂತ ಮೊದಲೇ ತಿಳೀಬೇಕು. ಉಬ್ಬಸ ಉಂಟಾ?"

"ಇಲ್ಲ ಡಾಕ್ಟರೇ."

"ಈಚೆಗೆ ಜ್ವರ, ಕೆಮ್ಮು?"

"ಇಲ್ಲ."

"ಗಾಯ ಆದ್ರೆ ರಕ್ತ ನಿಲ್ಲೋದು ತಡ ಆಗ್ತದಾ?"

"ಇಲ್ಲಪ್ಪ, ಹಾಗೇನಿಲ್ಲ" ಎಂದಳು ಅಮ್ಮ. ಡಾಕ್ಟರ್ 'ಇಲ್ಲ' ಎಂದು ಬರೆದುಕೊಂಡರು.

ಅಂಜಲಿ ತಟ್ಟನೆ ಜಿನುವಿನ ಕಾಲಿನ ಕಡೆ ನೋಡಿದಳು.

ಆನೆ ಬರುತ್ತದೆ, ತೋಡಿನ ನೀರಿನ ಕಡೆ ಹೋಗಬೇಡಿ ಎಂದು ಅಮ್ಮ ಹೋದ ತಿಂಗಳು ಸಾರಿ ಸಾರಿ ಹೇಳಿದ್ದಳು. ಸೀಬೆಹಣ್ಣಿನ ಆಸೆಗೆ ಅಂಜಲಿ ತಮ್ಮನನ್ನೂ ಕರೆದುಕೊಂಡು ಅಲ್ಲಿಗೇ ಹೋದಳು. ಇಬ್ಬರ ಕಾಲಿಗೂ ಜಿಗಣೆ ಹತ್ತಿತು. ಉಪ್ಪು ಹಾಕಿದರೆ ಜಿಗಣೆ ಸಾಯುತ್ತದೆ. ಅವರ ಜೈನರ ಮನೆಯಲ್ಲಿ ಯಾರೂ ಹಾಕುವುದಿಲ್ಲ. ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆಂದು ಇಬ್ಬರೂ ಕಲ್ಲಿನ ಮೇಲೆ ಕಾದು ಕುಳಿತರು.

ಅಂಜಲಿಯ ರಕ್ತ ಸಂಜೆಯ ಚಹಾದ ಹೊತ್ತಿಗೆ ನಿಂತಿತು. ಜಿನುವಿನದು ಮರುದಿನ ಅವಳು ಶಾಲೆಯಿಂದ ಬಂದರೂ ಜಿನುಗುತ್ತಲೇ ಇತ್ತು. ಒಂದಾದ ಮೇಲೊಂದು ಮೂರು ಕರ್ಚೀಫು ಕಟ್ಟಿ, ಮೇಲೆ ಉದ್ದ ಪ್ಯಾಂಟ್ ಹಾಕಿಸಿ, ಮಿಠಾಯಿ ಕೊಟ್ಟು ಅವನ ಬಾಯಿ ಮುಚ್ಚಿಸಿದ್ದಳು. ಅವನನ್ನು ಕಚ್ಚಿದ ಜಿಗಣೆಗೆ ಹಸಿವು ಜಾಸ್ತಿ ಇತ್ತೇನೋ ಎಂದುಕೊಂಡು ಸುಮ್ಮನಾಗಿದ್ದಳು.

ಈಗ ಹೇಳಿದರೆ ಅಮ್ಮ ಸುಮ್ಮನೆ ಬಿಡುವುದಿಲ್ಲ. ಹೇಳದಿದ್ದರೆ? ಅವಳು ಆ ಕಪ್ಪು ಗೆರೆಯನ್ನು ಮತ್ತೆ ನೋಡಿದಳು. ಅಷ್ಟು ಒಳಗೆ ರಕ್ತ ಬಂದು ನಿಲ್ಲದಿದ್ದರೆ ಕರ್ಚೀಫು ಕಟ್ಟುವುದು ಎಲ್ಲಿಗೆ?

"ನಿಲ್ಲಲ್ಲ ಡಾಕ್ಟರೇ! ಜಿನುಗೆ ರಕ್ತ ಬೇಗ ನಿಲ್ಲಲ್ಲ!"

ತೋಡು, ಸೀಬೆಹಣ್ಣು, ಜಿಗಣೆ ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರ ಪೆನ್ನು ನಿಂತಿತು.

"ನಿನ್ನದು ಅದೇ ಸಂಜೆ ನಿಂತಿತು, ಅವನದು ಮರುದಿನವೂ ಇಲ್ಲ. ಸರಿಯಾಗಿ ನೆನಪುಂಟಾ?"

"ಉಂಟು. ಮೂರು ಕರ್ಚೀಫು."

"ಹಾಗಾದ್ರೆ ಮೊದಲು ರಕ್ತದ ಟೆಸ್ಟ್. ಆಪರೇಷನ್ ಆಮೇಲೆ."

ಅಮ್ಮ ಬೈಯಲು ಬಾಯಿ ತೆರೆದಳು. ಆದರೆ ಜಿನುವನ್ನು ಮಡಿಲಿಗೆ ಎಳೆದುಕೊಂಡು ಹಾಗೇ ಕುಳಿತಳು.

ಜಿನುವಿನ ರಕ್ತ ಹೆಪ್ಪುಗಟ್ಟುವುದು ನಿಜವಾಗಿಯೂ ತಡ ಎಂದು ಟೆಸ್ಟಿನಲ್ಲಿ ಗೊತ್ತಾಯಿತು. ಮುಂದಿನ ತಿಂಗಳು, ಅದಕ್ಕೆ ಬೇಕಾದ ಮದ್ದು ಮೊದಲೇ ಕೊಟ್ಟು ಆಪರೇಷನ್ ಮಾಡಿದರು. ಎರಡು ದಿನ ಹೆಚ್ಚಿಗೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿದರು. ಏನೂ ತೊಂದರೆಯಾಗಲಿಲ್ಲ.

ಎರಡು ವಾರ ಕಳೆದು ಮತ್ತೆ ತೋರಿಸಲು ಬಂದಾಗ, ಸರದಿ ಕಾಯುತ್ತ ಜಿನು ಅಮ್ಮನ ಮಡಿಲಲ್ಲಿ ನಿದ್ದೆ ಹೋದ. ಅಂಜಲಿ ಫೈಲ್ ಬಿಡಿಸಿದಳು. ಅಂದು ಬರೆದಿದ್ದ 'ಇಲ್ಲ'ದ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಡಾಕ್ಟರ್ ಕೆಂಪು ಶಾಯಿಯಿಂದ ಮಲಯಾಳದಲ್ಲಿ ಬರೆದಿದ್ದರು: 'ಹೌದು. ಅಕ್ಕ ಹೇಳಿದ್ದು.'

ಶಾಲೆಯಲ್ಲಿ ಮಲಯಾಳ ಕಲಿತಿದ್ದ ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಜಿನುವಿನ ಮೂಗಿನ ಕೆಳಗೆ ಬೆರಳು ಹಿಡಿದಳು. ಅವನ ಬಾಯಿ ಮುಚ್ಚಿತ್ತು. ಬೆಚ್ಚನೆಯ ಗಾಳಿ ಬಂತು, ಹೋಯಿತು, ಮತ್ತೆ ಬಂತು. ಲಾರಿಯ ಸದ್ದೇ ಇರಲಿಲ್ಲ.